ತೈವಾನಿನ ಜನ ಮೂಲತಃ ಯಾರು? ಹಾನ್ ಚೀನೀಯರೇ, ಆಸ್ಟ್ರೋನೇಷಿಯನ್ನರೇ, ಇಬ್ಬರೂ ಕೂಡಿದವರೇ?

ದ್ವೀಪಕುತೂಹಲಿ (ಪ್ರಶ್ನೆ)

ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂಬ ಮಾತನ್ನು ಬಲ್ಲೆ. ಆದರೂ ತೈವಾನಿನ ಜನರ ಬಗ್ಗೆ ಓದತೊಡಗಿದ ಮೇಲೆ ಸುಮ್ಮನಿರಲಾಗುತ್ತಿಲ್ಲ, ಏಕೆಂದರೆ ಓದಿದ ಎರಡು ಸಂಗತಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿಲ್ಲ. ದ್ವೀಪದ ಸುಮಾರು 2 ಕೋಟಿ 30 ಲಕ್ಷ ಜನರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಹಾನ್ ಚೀನೀಯರೆಂದು ಒಂದು ಕಡೆ ಬರೆದಿರುತ್ತದೆ. ಮಡಗಾಸ್ಕರಿನಿಂದ ಹವಾಯಿಯವರೆಗೆ ಸಮುದ್ರದುದ್ದಕ್ಕೂ ಹರಡಿಕೊಂಡ ಆಸ್ಟ್ರೋನೇಷಿಯನ್ ಜನರಿಗೆಲ್ಲ ತೈವಾನೇ ತವರೆಂದು ಇನ್ನೊಂದು ಕಡೆ ಬರೆದಿರುತ್ತದೆ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಅಲ್ಲಿನ ಸಮಾಜವನ್ನು ಹೋಕ್ಲೋ, ಹಕ್ಕಾ, ಮುಖ್ಯಭೂಮಿಯವರು, ಮೂಲನಿವಾಸಿಗಳು ಎಂದು ನಾಲ್ಕಾಗಿ ವಿಂಗಡಿಸುವುದನ್ನೂ ಹಲವೆಡೆ ಕಂಡೆ. ಮೊದಲ ಮೂರೂ ಗುಂಪುಗಳು ಹಾನ್ ಆಗಿದ್ದರೆ ಅವುಗಳನ್ನು ಬೇರೆಬೇರೆಯಾಗಿ ಎಣಿಸುವುದಕ್ಕೆ ಕಾರಣವೇನು? ರಾಜಕೀಯ ಜಗಳಕ್ಕೆ ಎಳೆಯದೆ, ಇತಿಹಾಸ ಮತ್ತು ಭಾಷೆಯ ಆಧಾರದ ಮೇಲೆ ತಿಳಿಸಿಕೊಡಬಲ್ಲವರು ಇದ್ದರೆ ಉಪಕಾರವಾಗುತ್ತದೆ.

ನುಡಿಜಾಡು

ಎರಡೂ ಹೇಳಿಕೆಗಳು ನಿಜವೇ. ಅವು ಬೇರೆ ಬೇರೆ ಜನರನ್ನು ಕುರಿತವು ಎಂಬುದನ್ನು ಬರೆಯುವವರು ಸ್ಪಷ್ಟಪಡಿಸದೆ ಬಿಟ್ಟುಬಿಡುವುದರಿಂದ ಗೊಂದಲ ಹುಟ್ಟುತ್ತದೆ. ತವರು ಎಂಬ ಮಾತು ಅನ್ವಯಿಸುವುದು ಇಂದಿನ ಜನಸಂಖ್ಯೆಯಲ್ಲಿ ನೂರಕ್ಕೆ ಎರಡೂವರೆಯಷ್ಟು, ಅಂದರೆ ಸುಮಾರು 6 ಲಕ್ಷದಷ್ಟಿರುವ ಮೂಲನಿವಾಸಿಗಳ ಪೂರ್ವಜರಿಗೆ. ಹಾನ್ ವಲಸೆ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 17ನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಸಾವಿರಾರು ವರ್ಷ ಈ ದ್ವೀಪ ಬಹುತೇಕ ಆಸ್ಟ್ರೋನೇಷಿಯನ್ ಭಾಷೆಗಳ ನಾಡಾಗಿತ್ತು.

ಈ ವಾದಕ್ಕೆ ಅತ್ಯಂತ ಗಟ್ಟಿಯಾದ ಆಧಾರವಿರುವುದು ಭಾಷೆಯಲ್ಲಿ. ಆಸ್ಟ್ರೋನೇಷಿಯನ್ ಕುಟುಂಬದಲ್ಲಿ ಸುಮಾರು 1,200 ಭಾಷೆಗಳಿವೆ. ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ ಅವರ ವಿಂಗಡಣೆಯ ಪ್ರಕಾರ ಈ ಕುಟುಂಬಕ್ಕೆ ಹತ್ತು ಮೊದಲ ಹಂತದ ಕವಲುಗಳಿವೆ, ಅವುಗಳಲ್ಲಿ ಒಂಬತ್ತು ತೈವಾನಿನಲ್ಲಿ ಮಾತ್ರ ಕಾಣಸಿಗುತ್ತವೆ. ಮಲಯ್, ಟಗಾಲೋಗ್, ಜಾವಾನೀಸ್, ಮಲಗಾಸಿ, ಮಾವೊರಿ, ಹವಾಯಿ ಭಾಷೆಗಳೆಲ್ಲ ಸೇರಿ ಉಳಿದ ಒಂದೇ ಒಂದು ಕವಲಾಗುತ್ತವೆ. ಕವಲುಗಳನ್ನು ಬೇರೆ ರೀತಿಯಲ್ಲಿ ಎಣಿಸುವ ವಿದ್ವಾಂಸರಿದ್ದಾರೆ. ಆದರೆ ಅತಿ ಹಳೆಯ ಒಡಕುಗಳು ಆಗಿರುವುದು ತೈವಾನಿನೊಳಗೇ ಎಂಬುದರಲ್ಲಿ ಅವರಲ್ಲಿ ಹೆಚ್ಚಿನವರಿಗೆ ಒಮ್ಮತವಿದೆ. ಒಂದು ಭಾಷಾಕುಟುಂಬ ಎಲ್ಲಿ ಹೆಚ್ಚು ಕಾಲ ಬಾಳಿದೆಯೋ ಅಲ್ಲಿ ಅದರೊಳಗಿನ ಭೇದಗಳೂ ಹೆಚ್ಚು ಆಳವಾಗಿರುತ್ತವೆ ಎಂಬುದು ಇಲ್ಲಿನ ತರ್ಕ. ಅಮಿಸ್ ಭಾಷೆಯಲ್ಲಿ ಐದಕ್ಕೆ ‘ಲಿಮಾ’ ಎನ್ನುತ್ತಾರೆ. ಮಲಯ್, ಟಗಾಲೋಗ್, ಹವಾಯಿ ಭಾಷೆಗಳಲ್ಲೂ ಅದೇ ‘ಲಿಮಾ’, ಮಡಗಾಸ್ಕರಿನಲ್ಲಿ ಅದು ‘ದಿಮಿ’. ಹವಾಯಿಯಲ್ಲಿ ಈ ಶಬ್ದಕ್ಕೆ ಕೈ ಎಂಬ ಅರ್ಥವೂ ಉಳಿದುಕೊಂಡಿದೆ. ಐದು ಬೆರಳಿನಿಂದ ಎಣಿಕೆ ಹುಟ್ಟಿದ್ದನ್ನು ಅದು ಇಂದಿಗೂ ಸಾರುತ್ತಿದೆ.

ಉತ್ಖನನವೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ದ್ವೀಪದ ಹೊಸಶಿಲಾಯುಗದ ದಾಪೆನ್‌ಕೆಂಗ್ ಸಂಸ್ಕೃತಿ ಐದು ಸಾವಿರ ವರ್ಷಗಳಿಗಿಂತ ಹಳೆಯದು. ಅಲ್ಲಿಂದ ದಕ್ಷಿಣಕ್ಕೆ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ, ಬತಾನೆಸ್ ದ್ವೀಪಗಳನ್ನು ದಾಟಿ ಉತ್ತರ ಫಿಲಿಪ್ಪೀನ್ಸಿಗೆ ಜನ ಹೋದರೆಂಬ ಚಿತ್ರವನ್ನು ಪೀಟರ್ ಬೆಲ್‌ವುಡ್ ಮೊದಲಾದ ಪುರಾತತ್ತ್ವಜ್ಞರು ಕಟ್ಟಿಕೊಟ್ಟಿದ್ದಾರೆ. ಹುವಾಲಿಯೆನ್ ಸಮೀಪದ ಫೆಂಗ್‌ತಿಯೆನ್‌ನಲ್ಲಿ ಸಿಗುವ ಹಸಿರು ಜೇಡ್ ಕಲ್ಲಿನಿಂದ ಮಾಡಿದ ಕಿವಿಯಾಭರಣಗಳು ಫಿಲಿಪ್ಪೀನ್ಸ್, ವಿಯೆಟ್ನಾಮ್ ಮತ್ತು ಥಾಯ್ಲೆಂಡಿನ ಪ್ರಾಚೀನ ನೆಲೆಗಳಲ್ಲಿ ದೊರೆತಿವೆ. ಹೋದವರು ಹಿಂತಿರುಗಿ ನೋಡಲೇ ಇಲ್ಲವೆಂದೇನೂ ಅಲ್ಲ; ಸಮುದ್ರದ ಮೇಲಿನ ಕೊಡುಕೊಳ್ಳುವಿಕೆ ಬಹುಕಾಲ ನಡೆದಿತ್ತು.

ಆದರೆ ತೈವಾನ್ ಕೂಡ ಕೊನೆಯ ಮೂಲವಲ್ಲ ಎಂಬುದನ್ನು ಮರೆಯಬಾರದು. ಆಗ್ನೇಯ ಚೀನದ ಫುಜಿಯಾನ್ ಕರಾವಳಿಯ ಮಾತ್ಸು ದ್ವೀಪಸಮೂಹಕ್ಕೆ ಸೇರಿದ ಲಿಯಾಂಗ್‌ದಾವೊದಲ್ಲಿ 2011ರಲ್ಲಿ ಸಿಕ್ಕ ಸುಮಾರು 8,000 ವರ್ಷ ಹಳೆಯ ಅಸ್ಥಿಪಂಜರದ ವಂಶವಾಹಿಗಳು ಆಸ್ಟ್ರೋನೇಷಿಯನ್ನರಿಗೆ ಹತ್ತಿರವಾಗಿವೆ. ಅಂದರೆ ಈ ಜನರ ಹಿಂದಿನವರು ಇಂದಿನ ದಕ್ಷಿಣ ಚೀನದ ಕರಾವಳಿಯಿಂದ ಜಲಸಂಧಿಯನ್ನು ದಾಟಿದವರು; ಆಗ ಅಲ್ಲಿ ಹಾನ್ ಎಂಬ ಹೆಸರೂ ಹುಟ್ಟಿರಲಿಲ್ಲ. ಹಾಗೆಯೇ ಅವರಿಗೂ ಮೊದಲು ದ್ವೀಪ ಬರಿದಾಗಿರಲಿಲ್ಲ. ತೈತುಂಗ್ ಪ್ರಾಂತದ ಬಾಶಿಯೆನ್ ಗುಹೆಗಳಲ್ಲಿ ಹಳೆ ಶಿಲಾಯುಗದ ಉಪಕರಣಗಳು ಸಿಕ್ಕಿವೆ. ಸೈಸಿಯಾತ್ ಜನರಂತೂ ತಮಗಿಂತ ಮೊದಲು ಅಲ್ಲಿದ್ದ, ತಮ್ಮ ಪೂರ್ವಜರ ಕೈಯಲ್ಲಿ ಅಳಿದುಹೋದ ಕುಳ್ಳ ಜನರ ಆತ್ಮಶಾಂತಿಗಾಗಿ ಎರಡು ವರ್ಷಕ್ಕೊಮ್ಮೆ ‘ಪಾಸ್ತಾಆಯ್’ ಎಂಬ ಆಚರಣೆಯನ್ನು ಇಂದಿಗೂ ನಡೆಸುತ್ತಾರೆ.

ದಾಖಲೆಪ್ರಿಯ

ನುಡಿಜಾಡು ಅವರು ಹೇಳಿದ್ದು ಕಥೆಯ ಮೊದಲರ್ಧ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ನೂರಕ್ಕೆ 95 ಎಂಬ ಆ ಅಂಕಿ ಹೇಗೆ ತಯಾರಾಯಿತು ಎಂಬುದು. ಅದು ರಕ್ತವನ್ನು ಪರೀಕ್ಷಿಸಿ ಬರೆದ ಅಂಕಿಯಲ್ಲ, ನೋಂದಣಿ ಪುಸ್ತಕಗಳಿಂದ ಬಂದ ಅಂಕಿ.

1624ರಲ್ಲಿ ಡಚ್ಚರು ಇಂದಿನ ತೈನಾನ್ ನಗರದ ಆನ್‌ಪಿಂಗ್‌ನಲ್ಲಿ ನೆಲೆಯೂರಿದಾಗ ದ್ವೀಪದಲ್ಲಿದ್ದ ಚೀನೀಯರು ಹೆಚ್ಚಾಗಿ ಮೀನುಗಾರರು, ವ್ಯಾಪಾರಿಗಳು ಮತ್ತು ಕಡಲ್ಗಳ್ಳರು. ಕಬ್ಬು ಮತ್ತು ಭತ್ತ ಬೆಳೆಯಲು ಫುಜಿಯಾನಿನಿಂದ ರೈತರನ್ನು ಕರೆಸಿಕೊಂಡವರು ಡಚ್ಚರೇ. ‘ತೈವಾನ್’ ಎಂಬ ಹೆಸರೂ ಆ ಆನ್‌ಪಿಂಗ್ ಪ್ರದೇಶಕ್ಕಿದ್ದ ‘ತಾಯೊವಾನ್’ ಎಂಬ ಸ್ಥಳೀಯ ಹೆಸರಿನಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. 1662ರಲ್ಲಿ ಚೀನೀ ಸೇನಾನಿ ಝೆಂಗ್ ಚೆಂಗ್‌ಗಾಂಗ್ ಡಚ್ಚರನ್ನು ಹೊರಗಟ್ಟಿದ. ಪಾಶ್ಚಾತ್ಯರು ಅವನನ್ನು ಕೊಕ್ಸಿಂಗಾ ಎಂದು ಕರೆಯುತ್ತಾರೆ. 1683ರಲ್ಲಿ ಅವನ ಮೊಮ್ಮಗನಿಂದ ದ್ವೀಪ ಚೀನವನ್ನಾಳುತ್ತಿದ್ದ ಚಿಂಗ್ ಸಾಮ್ರಾಜ್ಯದ ಕೈಗೆ ಹೋಯಿತು. ಮುಂದಿನ ಎರಡು ಶತಮಾನಗಳಲ್ಲಿ ಬಂದವರಲ್ಲಿ ಬಹುಪಾಲು ಮಂದಿ ಫುಜಿಯಾನಿನ ಚಾಂಗ್‌ಚೌ ಮತ್ತು ಚುವಾನ್‌ಚೌ ಸೀಮೆಯವರು. ಇವರ ಸಂತತಿಯೇ ಇಂದಿನ ಹೋಕ್ಲೋ ಜನ. ಪೂರ್ವ ಗುವಾಂಗ್‌ಡಾಂಗ್ ಕಡೆಯಿಂದ ಬಂದ, ಬೇರೆ ಭಾಷೆಯಾಡುವ ಹಕ್ಕಾ ಜನರು ಇಂದಿನ ತಾವೊಯುವಾನ್, ಶಿನ್‌ಚು, ಮಿಯಾವೊಲಿ ಭಾಗಗಳಲ್ಲೂ ದಕ್ಷಿಣದ ಪಿಂಗ್‌ತುಂಗ್ ಬಯಲಿನಲ್ಲೂ ನೆಲೆನಿಂತರು. ಹಕ್ಕಾ ಎಂದರೆ ‘ಅತಿಥಿ ಮನೆತನ’ ಎಂದರ್ಥ. ಮೂರೂ ಗುಂಪುಗಳು ಹಾನ್ ಆಗಿದ್ದರೆ ಬೇರೆ ಎಣಿಕೆ ಏಕೆ ಎಂದು ನೀವು ಕೇಳಿದಿರಿ. ನೀರು ಮತ್ತು ನೆಲದ ಸಲುವಾಗಿ ಹೋಕ್ಲೋ ಮತ್ತು ಹಕ್ಕಾ ಊರುಗಳು ಶತಮಾನಗಳ ಕಾಲ ಆಯುಧ ಹಿಡಿದು ಕಾದಾಡಿವೆ. ಅಷ್ಟೇ ಏಕೆ, ಒಂದೇ ಭಾಷೆಯಾಡುವ ಚಾಂಗ್‌ಚೌ ಮತ್ತು ಚುವಾನ್‌ಚೌ ಮೂಲದವರೂ ಪರಸ್ಪರ ಊರುಗಳಿಗೆ ಬೆಂಕಿಯಿಟ್ಟಿದ್ದಾರೆ. ಹಾನ್ ಎಂಬ ಒಗ್ಗಟ್ಟಿನ ಭಾವನೆ ಆಗ ಅವರ ದಿನನಿತ್ಯದ ಬದುಕಿನಲ್ಲಿ ಅಷ್ಟೇನೂ ಕೆಲಸ ಮಾಡುತ್ತಿರಲಿಲ್ಲ.

ಈ ವಲಸಿಗರು ಬಂದು ಉಳುಮೆ ಆರಂಭಿಸಿದ ಪಶ್ಚಿಮದ ಬಯಲು ಖಾಲಿಯಿರಲಿಲ್ಲ. ಸಿರಯಾ, ಕೇತಗಲನ್, ತಾವೊಕಾಸ್, ಪಜೆಹ್ ಮುಂತಾದ ಹಲವು ಸಮುದಾಯಗಳು ಅಲ್ಲಿದ್ದವು. ಇವರನ್ನೆಲ್ಲ ಒಟ್ಟಾಗಿ ಪಿಂಗ್‌ಪು, ಅಂದರೆ ಬಯಲಿನವರು ಎನ್ನುತ್ತಾರೆ. ಚಿಂಗ್ ಅಧಿಕಾರಿಗಳು ತೆರಿಗೆ ಕಟ್ಟಿ ಅಧೀನರಾಗಿದ್ದವರಿಗೆ ‘ಬೆಂದ’ ಅನಾಗರಿಕರೆಂದೂ ಬೆಟ್ಟದಲ್ಲಿ ಸ್ವತಂತ್ರರಾಗಿ ಉಳಿದವರಿಗೆ ‘ಹಸಿ’ ಅನಾಗರಿಕರೆಂದೂ ಹೆಸರಿಟ್ಟರು. ಅಡುಗೆಮನೆಯ ಮಾತಿನಲ್ಲಿ ಮನುಷ್ಯರನ್ನು ವಿಂಗಡಿಸಿದ ಈ ಪದ್ಧತಿ ಅಲ್ಲಿಗೇ ನಿಲ್ಲಲಿಲ್ಲ. 1895ರಲ್ಲಿ ದ್ವೀಪವನ್ನು ಪಡೆದ ಜಪಾನೀಯರು ಮನೆಮನೆಯ ನೋಂದಣಿ ಆರಂಭಿಸಿದಾಗ ಜನಾಂಗದ ಅಂಕಣದಲ್ಲಿ ಒಂದೊಂದೇ ಅಕ್ಷರ ಬರೆದರು: ಫುಜಿಯಾನಿನವರಿಗೆ ಒಂದು, ಗುವಾಂಗ್‌ಡಾಂಗಿನವರಿಗೆ ಒಂದು, ‘ಬೆಂದ’ವರಿಗೆ ಒಂದು, ‘ಹಸಿ’ಯವರಿಗೆ ಒಂದು.

ಬಯಲಿನ ಜನ ಎಲ್ಲಿ ಹೋದರು ಎಂದರೆ, ಬಹುಮಟ್ಟಿಗೆ ಎಲ್ಲಿಗೂ ಹೋಗಲಿಲ್ಲ. ಕೆಲವರು ಪೂರ್ವ ಕರಾವಳಿಗೆ ಸರಿದರು, ಉಳಿದವರು ಇದ್ದಲ್ಲೇ ಚೀನೀ ಮನೆತನದ ಹೆಸರು ಪಡೆದು, ಹೋಕ್ಲೋ ಭಾಷೆಯಾಡುತ್ತಾ ಹೋಕ್ಲೋ ಎನಿಸಿಕೊಂಡರು. ಡಚ್ ಪಾದ್ರಿಗಳು ಕಲಿಸಿದ ರೋಮನ್ ಲಿಪಿಯಲ್ಲಿ ಸಿರಯಾ ಜನರು 19ನೆಯ ಶತಮಾನದ ಆರಂಭದವರೆಗೂ ಭೂಮಿಯ ಕರಾರುಪತ್ರಗಳನ್ನು ಬರೆದುಕೊಂಡಿದ್ದಾರೆ. ಕೆಲವು ಪತ್ರಗಳಲ್ಲಿ ಒಂದು ಬದಿಗೆ ಸಿರಯಾ, ಇನ್ನೊಂದು ಬದಿಗೆ ಚೀನೀ ಭಾಷೆ ಇದೆ. ಬರವಣಿಗೆಯಿದ್ದೂ ಭಾಷೆ ಉಳಿಯಲಿಲ್ಲ ಎಂಬುದು ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ದುಃಖದ ಪುಟ. ಹೊರನೋಟದ ಗುರುತುಗಳೂ ಒಂದೊಂದಾಗಿ ಅಳಿದವು. ಹೋಕ್ಲೋ ಹೆಂಗಸರು ಪಾದ ಕಟ್ಟಿಕೊಳ್ಳುತ್ತಿದ್ದರು, ಬಯಲಿನ ಹೆಂಗಸರು ಕಟ್ಟಿಕೊಳ್ಳುತ್ತಿರಲಿಲ್ಲ. 1915ರಲ್ಲಿ ಜಪಾನೀ ಆಡಳಿತ ಆ ಪದ್ಧತಿಯನ್ನು ನಿಷೇಧಿಸಿದಾಗ, ಇಬ್ಬರನ್ನೂ ಬೇರ್ಪಡಿಸುತ್ತಿದ್ದ ಕಣ್ಣಿಗೆ ಕಾಣುವ ಕೊನೆಯ ಗೆರೆಯೂ ಅಳಿಸಿತೆಂದು ವಾದಿಸುವ ಮಾನವಶಾಸ್ತ್ರಜ್ಞರಿದ್ದಾರೆ. 1945ರ ನಂತರದ ಆಡಳಿತ ‘ಬೆಂದ’ ಎಂಬ ಅಂಕಣವನ್ನೇ ಮುಂದುವರಿಸಲಿಲ್ಲ. 1950ರ ದಶಕದಲ್ಲಿ ಮೂಲನಿವಾಸಿಗಳೆಂದು ನೋಂದಾಯಿಸಿಕೊಳ್ಳಲು ಅವಕಾಶವಿದ್ದರೂ ಬಯಲಿನವರಲ್ಲಿ ಬಹುತೇಕರು ನೋಂದಾಯಿಸಿಕೊಳ್ಳಲಿಲ್ಲ. ಹೀಗೆ ಅವರು ಆ 95ರೊಳಗೆ ಸೇರಿಹೋದರು. 2022ರಲ್ಲಿ ತೈವಾನಿನ ಸಾಂವಿಧಾನಿಕ ನ್ಯಾಯಾಲಯ ಪಿಂಗ್‌ಪು ಜನರನ್ನು ಹೊರಗಿಟ್ಟ ಕಾನೂನು ಸಂವಿಧಾನಬಾಹಿರವೆಂದು ತೀರ್ಪಿತ್ತು, ಅದನ್ನು ಸರಿಪಡಿಸಲು ಮೂರು ವರ್ಷಗಳ ಗಡುವು ವಿಧಿಸಿತು. ತಮ್ಮ ಮೂಲವನ್ನು ತೋರಿಸಬೇಕಾದವರು ಈಗ ಹುಡುಕುವುದು ಜಪಾನೀ ಕಾಲದ ಪುಸ್ತಕದಲ್ಲಿರುವ ಅದೇ ‘ಬೆಂದ’ ಎಂಬ ಅಕ್ಷರವನ್ನು. ಅವಮಾನದ ಗುರುತು ಹಕ್ಕಿನ ಪುರಾವೆಯಾಗಿದೆ.

ದ್ವೀಪಕುತೂಹಲಿ

ಇಬ್ಬರಿಗೂ ವಂದನೆಗಳು. ದಾಖಲೆಪ್ರಿಯ ಅವರ ಮಾತಿನಿಂದ ಇನ್ನೊಂದು ಸಂದೇಹ ಎದ್ದಿದೆ. ‘ತಾಂಗ್‌ಶಾನಿನ ಅಪ್ಪನುಂಟು, ತಾಂಗ್‌ಶಾನಿನ ಅಮ್ಮನಿಲ್ಲ’ ಎಂಬ ಗಾದೆ ತೈವಾನಿನಲ್ಲಿದೆಯಂತೆ. ತಾಂಗ್‌ಶಾನ್ ಎಂದರೆ ಚೀನದ ಮುಖ್ಯಭೂಮಿ. ವಲಸೆ ಬಂದವರೆಲ್ಲ ಗಂಡಸರಾಗಿದ್ದು, ಅವರು ಬಯಲಿನ ಹೆಂಗಸರನ್ನು ಮದುವೆಯಾದರು ಎಂಬುದು ಅದರ ಭಾವ. ಹಾಗಿದ್ದರೆ ತೈವಾನೀಯರಲ್ಲಿ ಬಹುಪಾಲು ಮಂದಿ ಅರ್ಧದಷ್ಟಾದರೂ ಆಸ್ಟ್ರೋನೇಷಿಯನ್ನರಾಗಿರಬೇಕಲ್ಲವೇ? ಡಿ.ಎನ್.ಎ. ಪರೀಕ್ಷೆಗಳು ಇದನ್ನು ಒಪ್ಪುತ್ತವೆಯೇ?

ವಂಶಗಣಿತ

ಗಾದೆಯಲ್ಲಿ ಸತ್ಯಾಂಶವಿದೆ, ಆದರೆ ಅದರ ಮೇಲೆ ಹೊರಿಸಿದ ಭಾರವನ್ನು ಅದು ಹೊರಲಾರದು. ಚಿಂಗ್ ಆಡಳಿತ ಜಲಸಂಧಿಯ ಪ್ರಯಾಣವನ್ನೂ ಕುಟುಂಬಸಮೇತ ವಲಸೆಯನ್ನೂ ನಿರ್ಬಂಧಿಸಿತ್ತು, ನಡುನಡುವೆ ಸಡಿಲಿಸುತ್ತಲೂ ಇತ್ತು. ನಿರ್ಬಂಧಗಳು ಪೂರ್ತಿ ತೆರವಾದದ್ದು 1875ರಲ್ಲಿ. ಆದ್ದರಿಂದ ಮೊದಲ ತಲೆಮಾರುಗಳಲ್ಲಿ ಹೆಂಗಸರ ಕೊರತೆಯಿದ್ದದ್ದು ನಿಜ, ಬಯಲಿನ ಕುಟುಂಬಗಳೊಂದಿಗೆ ಮದುವೆಗಳಾದದ್ದೂ ನಿಜ. ಆದರೆ ಕಾನೂನನ್ನು ಮೀರಿ ಹೆಂಗಸರೂ ಮಕ್ಕಳೂ ನಿರಂತರವಾಗಿ ಬರುತ್ತಲೇ ಇದ್ದರು. ಮದುವೆಯೇ ಇಲ್ಲದೆ ಸತ್ತ ಒಂಟಿ ಗಂಡಸರೂ ಬಹಳ ಮಂದಿ. ಅವರಿಗೆ ಸಂತತಿಯೇ ಇಲ್ಲ.

ಇನ್ನು ವಂಶವಾಹಿಗಳ ಮಾತು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ‘ನಿಮ್ಮ ಪೂರ್ವಜರಲ್ಲಿ ಒಬ್ಬರಾದರೂ ಮೂಲನಿವಾಸಿ ಇದ್ದರೇ’ ಎಂಬುದು ಒಂದು. ‘ನಿಮ್ಮ ವಂಶವಾಹಿಗಳಲ್ಲಿ ಎಷ್ಟು ಪಾಲು ಅವರಿಂದ ಬಂದಿದೆ’ ಎಂಬುದು ಇನ್ನೊಂದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,024 ಸ್ಥಾನಗಳಿರುತ್ತವೆ. ಅವುಗಳಲ್ಲಿ ಒಂದರಲ್ಲಿ ಸಿರಯಾ ಹೆಂಗಸೊಬ್ಬಳು ಇದ್ದರೆ ಮೊದಲ ಪ್ರಶ್ನೆಗೆ ಉತ್ತರ ‘ಹೌದು’ ಎಂದಾಗುತ್ತದೆ. ಎರಡನೆಯದಕ್ಕೆ ಸರಾಸರಿ ಉತ್ತರ ನೂರಕ್ಕೆ 0.1ಕ್ಕಿಂತ ಕಡಿಮೆ. ಬಹುಪಾಲು ತೈವಾನೀಯರಲ್ಲಿ ಮೂಲನಿವಾಸಿ ರಕ್ತವಿದೆ ಎಂಬ ಸುದ್ದಿ ಹಬ್ಬುವುದು ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವುದರಿಂದ. ಇಡೀ ಜೀನೋಮನ್ನು ನೋಡುವ ಪರೀಕ್ಷೆಗಳಲ್ಲಿ ಹೋಕ್ಲೋ ಮತ್ತು ಹಕ್ಕಾ ಜನರು ಫುಜಿಯಾನ್ ಹಾಗೂ ಗುವಾಂಗ್‌ಡಾಂಗಿನ ಹಾನ್ ಜನರಿಗೇ ಅತ್ಯಂತ ಹತ್ತಿರವಿರುತ್ತಾರೆ.

ಅಲ್ಲಿಗೂ ಲೆಕ್ಕ ಮುಗಿಯುವುದಿಲ್ಲ. ಫುಜಿಯಾನಿನಲ್ಲಿ ಹಿಂದೆ ಮಿನ್‌ಯುಯೆ ಎಂಬ ಹಾನ್ ಅಲ್ಲದವರ ರಾಜ್ಯವಿತ್ತು. ಹಾನ್ ಸಾಮ್ರಾಜ್ಯ ಕ್ರಿ.ಪೂ. 110ರಲ್ಲಿ ಅದನ್ನು ಕೊನೆಗಾಣಿಸಿತು. ಆ ಜನ ಕಾಲಕ್ರಮೇಣ ಹಾನ್ ಜನರಲ್ಲಿ ಬೆರೆತರು. ಆದ್ದರಿಂದ ತೈವಾನಿನ ಹಾನ್ ಕುಟುಂಬವೊಂದರ ಜೀನೋಮಿನಲ್ಲಿ ಆಸ್ಟ್ರೋನೇಷಿಯನ್ನರನ್ನು ಹೋಲುವ ಅಂಶ ಕಂಡರೆ, ಅದು ಮುನ್ನೂರು ವರ್ಷಗಳ ಹಿಂದೆ ತೈನಾನ್ ಬಯಲಿನಲ್ಲಿ ಸೇರಿದ್ದೋ, ಎರಡು ಸಾವಿರ ವರ್ಷಗಳ ಹಿಂದೆ ಫುಜಿಯಾನಿನಲ್ಲೇ ಸೇರಿದ್ದೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಯಾರು ಯಾವ ಉತ್ತರವನ್ನು ಬಯಸುತ್ತಾರೆ ಎಂಬುದು ಅವರ ರಾಜಕೀಯದ ಮೇಲೆ ನಿಂತಿರುವುದರಿಂದ, ಈ ವಿಷಯದ ಶೀರ್ಷಿಕೆಗಳನ್ನು ಓದುವಾಗ ಎರಡು ಸಲ ಯೋಚಿಸುವುದು ಒಳ್ಳೆಯದು.

ಹಳೆಯ ಓದುಗ

ನಾಲ್ಕು ಗುಂಪುಗಳಲ್ಲಿ ಮುಖ್ಯಭೂಮಿಯವರ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಸೇರಿಸುತ್ತೇನೆ. ಜೊತೆಗೆ ಒಂದು ಸಣ್ಣ ಸೇರ್ಪಡೆ: ಹೋಕ್ಲೋ ಮತ್ತು ಹಕ್ಕಾ ಎಂದರೆ ಹಳೆಯ ಹಾನ್ ಜನರೆಲ್ಲ ಮುಗಿದಂತಲ್ಲ. ಮಾತ್ಸು ದ್ವೀಪಗಳ ಜನ ಆಡುವುದು ಫುಚೌ ಸೀಮೆಯ ಭಾಷೆಯನ್ನು, ಅದು ಹೋಕ್ಲೋ ಜನರಿಗೆ ಅರ್ಥವಾಗುವುದಿಲ್ಲ. ತೈವಾನಿನ ಆಡಳಿತದಲ್ಲಿರುವ ಕಿನ್‌ಮೆನ್ ದ್ವೀಪದ ಜನರ ಭಾಷೆ ಹೋಕ್ಲೋ ಭಾಷೆಗೆ ಹತ್ತಿರವಾದರೂ, ಆ ದ್ವೀಪ 1895ರಲ್ಲಿ ಜಪಾನಿಗೆ ಹೋಗಲಿಲ್ಲ; ಹಾಗಾಗಿ ಅವರ ನೆನಪುಗಳೇ ಬೇರೆ.

1945ರಲ್ಲಿ ಜಪಾನ್ ಸೋತು, ತೈವಾನ್ ಚೀನೀ ಗಣರಾಜ್ಯದ ಆಡಳಿತಕ್ಕೆ ಬಂತು. 1949ರಲ್ಲಿ ಅಂತರ್ಯುದ್ಧದಲ್ಲಿ ಸೋತ ಆ ಸರ್ಕಾರವೇ ಇಡಿಯಾಗಿ ದ್ವೀಪಕ್ಕೆ ಬಂದಾಗ ಅದರೊಂದಿಗೆ 10 ಲಕ್ಷಕ್ಕೂ ಹೆಚ್ಚು ಸೈನಿಕರು, ಅಧಿಕಾರಿಗಳು ಮತ್ತು ನಿರಾಶ್ರಿತರು ಬಂದರು. ಆಗ ದ್ವೀಪದಲ್ಲಿ ಮೊದಲೇ ಇದ್ದವರು ಸುಮಾರು 60 ಲಕ್ಷ ಎಂಬುದನ್ನು ಗಮನಿಸಿದರೆ ಇದು ಎಂಥ ಹೊಡೆತವೆಂದು ತಿಳಿಯುತ್ತದೆ. ಹೊಸದಾಗಿ ಬಂದವರಿಗೆ ‘ವೈಶೆಂಗ್‌ರೆನ್’, ಅಂದರೆ ಹೊರ ಪ್ರಾಂತದವರು ಎಂದೂ, ಮೊದಲೇ ಇದ್ದ ಹೋಕ್ಲೋ ಮತ್ತು ಹಕ್ಕಾ ಜನರಿಗೆ ‘ಬೆನ್‌ಶೆಂಗ್‌ರೆನ್’, ಅಂದರೆ ಈ ಪ್ರಾಂತದವರು ಎಂದೂ ಹೆಸರಾಯಿತು. ಹೊರ ಪ್ರಾಂತದವರೆಂಬ ಗುಂಪು ಒಂದೇ ಜನಾಂಗವಂತೂ ಅಲ್ಲವೇ ಅಲ್ಲ. ಅದರಲ್ಲಿ ಶಾನ್‌ಡಾಂಗಿನವರಿದ್ದರು, ಸಿಚುವಾನಿನವರಿದ್ದರು, ಹುಯಿ ಮುಸಲ್ಮಾನರಿದ್ದರು, ಮಂಗೋಲರೂ ಮಾಂಚುಗಳೂ ಇದ್ದರು. ಎಷ್ಟೋ ಮಂದಿಗೆ ಪಕ್ಕದ ಮನೆಯವರ ಮಾತೇ ತಿಳಿಯುತ್ತಿರಲಿಲ್ಲ. ಸೈನಿಕ ಕುಟುಂಬಗಳಿಗೆಂದು ಕಟ್ಟಿದ ‘ಜುವಾನ್‌ಸುನ್’ ವಸತಿಗಳಲ್ಲಿ ಒಟ್ಟಿಗೆ ಬಾಳಿ ಅವರು ಒಂದು ಗುಂಪಾದರು.

1947ರ ಫೆಬ್ರುವರಿ 28ರ ನಂತರ ಪ್ರತಿಭಟಿಸಿದ ಸ್ಥಳೀಯರ ಮೇಲೆ ಸರ್ಕಾರಿ ಸೈನ್ಯ ನಡೆಸಿದ ಹತ್ಯಾಕಾಂಡ, 1949ರಿಂದ 1987ರವರೆಗಿನ ಸೈನಿಕ ಕಾನೂನು, ಶಾಲೆಗಳಲ್ಲಿ ಮ್ಯಾಂಡರಿನ್ ಬಿಟ್ಟು ಬೇರೆ ಮಾತಾಡಿದ ಮಕ್ಕಳಿಗೆ ದಂಡನೆ, ಇವೆಲ್ಲವೂ ಎರಡು ಗುಂಪುಗಳ ನಡುವಣ ಗೆರೆಯನ್ನು ಆಳವಾಗಿಸಿದವು. 1988ರಲ್ಲಿ ಹಕ್ಕಾ ಜನ ‘ನಮ್ಮ ತಾಯಿನುಡಿಯನ್ನು ನಮಗೆ ಮರಳಿಸಿ’ ಎಂದು ತೈಪೆಯ ಬೀದಿಗಿಳಿದದ್ದು ಈ ಹಿನ್ನೆಲೆಯಲ್ಲಿ. ನೀವು ಕೇಳಿದ ನಾಲ್ಕು ಗುಂಪುಗಳ ಸೂತ್ರ ಚಾಲ್ತಿಗೆ ಬಂದದ್ದು 1990ರ ದಶಕದಲ್ಲಿ, ಪ್ರಜಾಪ್ರಭುತ್ವ ಕಾಲೂರುತ್ತಿದ್ದಾಗ. ಎಲ್ಲರಿಗೂ ಒಂದೊಂದು ಕುರ್ಚಿ ಹಾಕಿಕೊಡುವ ಉದ್ದೇಶದಿಂದ. ಸಾಮಾನ್ಯವಾಗಿ ಉಲ್ಲೇಖಿಸುವ ಅಂದಾಜಿನಂತೆ ಹೋಕ್ಲೋ ನೂರಕ್ಕೆ 70, ಹಕ್ಕಾ 15, ಹೊರ ಪ್ರಾಂತದವರು 13, ಮೂಲನಿವಾಸಿಗಳು 2. ಈ ಅಂದಾಜು ಬಳಕೆಗೆ ಬಂದ ಹೊತ್ತಿಗೇ ಮಿಶ್ರವಿವಾಹಗಳು ಅದನ್ನು ಹಳೆಯದಾಗಿಸುತ್ತಿದ್ದವು. 1992ರಲ್ಲಿ ಕುಟುಂಬ ನೋಂದಣಿಯಲ್ಲಿ ಪೂರ್ವಜರ ಪ್ರಾಂತವನ್ನು ಬರೆಯುವ ಪದ್ಧತಿ ಹೋಗಿ ಹುಟ್ಟಿದ ಸ್ಥಳವನ್ನು ಬರೆಯುವುದು ಬಂತು. ತೈಪೆಯಲ್ಲಿ ಹುಟ್ಟಿ ಬೆಳೆದವನು ತಾನೆಂದೂ ಕಾಣದ ಹುನಾನಿನವನೆಂದು ಬರೆಸಿಕೊಳ್ಳುವುದು ಅಲ್ಲಿಗೆ ತಪ್ಪಿತು. 1992ರಿಂದ ರಾಷ್ಟ್ರೀಯ ಚೆಂಗ್‌ಚಿ ವಿಶ್ವವಿದ್ಯಾಲಯ ನಡೆಸಿಕೊಂಡು ಬಂದ ಸಮೀಕ್ಷೆಗಳಲ್ಲಿ ತಮ್ಮನ್ನು ತೈವಾನೀಯರು ಮಾತ್ರವೆಂದು ಹೇಳಿಕೊಳ್ಳುವವರು ಆಗ ನೂರಕ್ಕೆ 20ಕ್ಕಿಂತ ಕಡಿಮೆಯಿದ್ದು, ಈಚಿನ ವರ್ಷಗಳಲ್ಲಿ 60ರ ಆಸುಪಾಸಿನಲ್ಲಿದ್ದಾರೆ. ಈ ಅವಧಿಯಲ್ಲಿ ಯಾರ ವಂಶವಾಹಿಯೂ ಬದಲಾಗಲಿಲ್ಲ ಎಂಬುದನ್ನು ವಂಶಗಣಿತ ಅವರು ಒಪ್ಪುತ್ತಾರೆಂದು ನಂಬಿದ್ದೇನೆ.

ನಾಲ್ಕರ ಸೂತ್ರಕ್ಕೆ ಈಗ ಐದನೆಯದನ್ನೂ ಸೇರಿಸುತ್ತಾರೆ. ಮುಖ್ಯಭೂಮಿ, ವಿಯೆಟ್ನಾಮ್, ಇಂಡೊನೇಷಿಯಾ ಮೊದಲಾದ ಕಡೆಗಳಿಂದ ಮದುವೆಯಾಗಿ ಬಂದ ‘ಹೊಸ ನಿವಾಸಿಗಳು’ 5 ಲಕ್ಷಕ್ಕೂ ಹೆಚ್ಚಿದ್ದು, ಮೂಲನಿವಾಸಿಗಳ ಸಂಖ್ಯೆಗೆ ಹತ್ತಿರವಾಗಿದ್ದಾರೆ. 2019ರಿಂದ ಪ್ರಾಥಮಿಕ ಶಾಲೆಗಳಲ್ಲಿ ವಿಯೆಟ್ನಾಮೀಸ್, ಇಂಡೊನೇಷಿಯನ್ ಸೇರಿ ಏಳು ಆಗ್ನೇಯ ಏಷ್ಯಾದ ಭಾಷೆಗಳನ್ನು ಕಲಿಯುವ ಆಯ್ಕೆಯಿದೆ.

ನುಡಿಜಾಡು

ಹಳೆಯ ಓದುಗರು ಮೂಲನಿವಾಸಿಗಳನ್ನು ಒಂದು ಕುರ್ಚಿಯಲ್ಲಿ ಕೂರಿಸಿದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಸರ್ಕಾರ ಇಂದು ಮಾನ್ಯಮಾಡಿರುವುದು 16 ಸಮುದಾಯಗಳನ್ನು. ಜಪಾನೀ ಕಾಲದ ವಿಂಗಡಣೆಯಿಂದ ಬಂದ ಒಂಬತ್ತಕ್ಕೆ, 2001ರಿಂದ 2014ರೊಳಗೆ ಥಾವೊ, ಕವಲಾನ್, ತ್ರುಕು, ಸಕಿಜಾಯಾ, ಸೀಡಿಕ್, ಹ್ಲಾಲುವಾ, ಕನಕನವು ಎಂಬ ಏಳು ಸೇರಿದವು. ಅದುವರೆಗೆ ಇವರನ್ನು ನೆರೆಯವರ ಹೆಸರಿನಲ್ಲೇ ಎಣಿಸುತ್ತಿದ್ದರು. ಸಕಿಜಾಯಾ ಜನರ ಕಥೆಯಂತೂ ಬೇರೆಯೇ: 1878ರಲ್ಲಿ ಚಿಂಗ್ ಸೈನ್ಯದ ವಿರುದ್ಧ ದಂಗೆಯೆದ್ದು ಸೋತ ಮೇಲೆ, ಪ್ರಾಣ ಉಳಿಸಿಕೊಳ್ಳಲು ಅವರು ಅಮಿಸ್ ಹಳ್ಳಿಗಳಲ್ಲಿ ಅಡಗಿ ಅಮಿಸ್ ಎನಿಸಿಕೊಂಡು ಬಾಳಿದರು, 2007ರಲ್ಲಿ ಮತ್ತೆ ತಮ್ಮ ಹೆಸರು ಪಡೆದರು. ದಾಖಲೆಪ್ರಿಯರು ಹೇಳಿದ ನೋಂದಣಿಯ ಮಾತು ಬೆಟ್ಟದ ಆಚೆಗೂ ಅನ್ವಯಿಸುತ್ತದೆ.

ಇನ್ನು 2 ಲಕ್ಷಕ್ಕೂ ಹೆಚ್ಚು ಜನರಿರುವ, ಎಲ್ಲರಿಗಿಂತ ದೊಡ್ಡ ಸಮುದಾಯವಾದ ಅಮಿಸ್ ಜನರ ಹೆಸರನ್ನೇ ನೋಡಿ. ಹುವಾಲಿಯೆನ್ ಕಡೆಯ ಅವರಲ್ಲಿ ಬಹಳ ಮಂದಿ ತಮ್ಮನ್ನು ‘ಪಂಗ್‌ಚಾ’ ಎಂದು ಕರೆದುಕೊಳ್ಳುತ್ತಾರೆ. ‘ಅಮಿಸ್’ ಎಂದರೆ ಉತ್ತರ ದಿಕ್ಕು. ದಕ್ಷಿಣದಲ್ಲಿದ್ದ ಪುಯುಮಾ ನೆರೆಯವರ ಕಣ್ಣಿಗೆ ಅವರು ಉತ್ತರದವರು. ಅದೇ ಮೂಲದ ಶಬ್ದ ಸಮುದ್ರ ದಾಟಿ ಟಗಾಲೋಗಿನಲ್ಲಿ ‘ಅಮಿಹಾನ್’ ಆಗಿದೆ. ಫಿಲಿಪ್ಪೀನ್ಸಿನ ಜನ ಈಶಾನ್ಯದಿಂದ ಬೀಸುವ ಚಳಿಗಾಲದ ಗಾಳಿಯನ್ನು ಇಂದಿಗೂ ಕರೆಯುವುದು ಆ ಹೆಸರಿನಿಂದ.